ಉಗುರುಬೆಚ್ಚಗಿನ ನೀರು

"ನಿನ್ನ ಮಗೂಗೆ ಜ್ವರ ಬಂತು ಅಂತ ನನ್ನ ಲಾರಿ ನಿಲ್ಸಕ್ಕಾಗತ್ತೇನೆ, ಮುಂಡೇದೆ? ಹಿಡಿ ಬುಟ್ಟಿ. ಹಿಡಿ ಅಂದೆ."

ಹಿಡಿದೆ. ಹಿಡಿಯದೆ ಇನ್ನೇನು ಮಾಡುವುದು? ಎದುರಿಗೆ ಸೀಟಿ ನಿಂತಿದ್ದ. ಅವನ ಅಪ್ಪ ಅಮ್ಮ ಇಟ್ಟ ಹೆಸರು ಏನೋ, ನಮಗಂತೂ ಅವನು ಸೀಟಿ. ಸೂಪರ್‌ವೈಸರ್. ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿರುತ್ತದೆ. ಅದನ್ನು ಊದಿದರೆ ನಾವು ಬರಬೇಕು, ಮತ್ತೆ ಊದಿದರೆ ಹೋಗಬೇಕು. ನಾಯಿಯನ್ನಾದರೂ ಜನ ಬಾಯಿಬಿಟ್ಟು ಕರೆಯುತ್ತಾರೆ.

ನಮ್ಮದು ಐಸ್ ಫ್ಯಾಕ್ಟರಿ. ನಮ್ಮದು ಅಂದೆ ನೋಡಿ, ಬಾಯಿಚಾಳಿ. ಬಂದರಿನಿಂದ ಮೀನಿನ ಲಾರಿಗಳು ಬರುತ್ತವೆ, ಐಸಿನ ಗಡ್ಡೆ ತುಂಬಿಕೊಂಡು ಹೋಗುತ್ತವೆ. ನನ್ನ ಗಂಡ ಕಬ್ಬಿಣದ ಕೊಕ್ಕೆ ಹಾಕಿ ಗಡ್ಡೆಗಳನ್ನು ಎಳೆದು ಲಾರಿಗೆ ಏರಿಸುತ್ತಾನೆ. ಅದಕ್ಕೇ ಅವನನ್ನು ಎಲ್ಲರೂ ಕೊಕ್ಕೆ ಅನ್ನುತ್ತಾರೆ. ಗಡ್ಡೆ ಕರಗದ ಹಾಗೆ ಬುಟ್ಟಿಯಲ್ಲಿ ಮರದ ಹೊಟ್ಟು ತಂದು ಮೇಲೆ ಹೊದಿಸುವುದು ನನ್ನ ಕೆಲಸ. ನಾವಿರುವ ಲೈನಿನ ಮನೆಗಳು ಅದೇ ಕಾಂಪೌಂಡಿನ ಹಿಂಭಾಗದಲ್ಲಿವೆ, ತಗಡಿನ ಸೂರು. ನೀರನ್ನು ಐಸು ಮಾಡಬೇಕಾದರೆ ಅದರ ಬಿಸಿಯನ್ನೆಲ್ಲ ಯಂತ್ರ ಎಲ್ಲಾದರೂ ಉಗುಳಬೇಕಲ್ಲ. ನಮ್ಮ ಕಡೆ ಉಗುಳುತ್ತದೆ. ಹಿಂದಿನ ಗೋಡೆಯಲ್ಲಿ ಆಳೆತ್ತರದ ಫ್ಯಾನುಗಳಿವೆ, ಅವುಗಳ ಮೂತಿ ಸೀದಾ ನಮ್ಮ ಬಾಗಿಲಿಗೆ. ಒಳಗೆ ಕೈ ಮರಗಟ್ಟುವ ಚಳಿ, ಮನೆಗೆ ಬಂದರೆ ಬಾಣಲೆ.

ಆ ಬಾಣಲೆಯಲ್ಲಿ ನನ್ನ ಚೋಟಿ ನಿನ್ನೆ ಸಂಜೆಯಿಂದ ಬೇಯುತ್ತಿದ್ದಳು. ಹುಟ್ಟಿದಾಗ ಚೋಟುದ್ದ ಇದ್ದಳು, ಹೆಸರು ಹಾಗೇ ಅಂಟಿತು. ಈಗಷ್ಟೇ ನೆಟ್ಟಗೆ ಓಡುವುದನ್ನು ಕಲಿತಿದ್ದಾಳೆ. ಕೂತಲ್ಲಿ ಕೂರದ ಹುಡುಗಿ ಬೆಳಗ್ಗೆ ಎದ್ದು ನೀರು ಕೂಡ ಕೇಳಲಿಲ್ಲ, ಕಣ್ಣು ಅರ್ಧ ಮುಚ್ಚಿಕೊಂಡು ಮಲಗಿಬಿಟ್ಟಿದ್ದಳು. ಹೊಟ್ಟೆಯ ಮೇಲೆ ಕೈ ಇಟ್ಟರೆ ಕೆಂಡ. ಆಸ್ಪತ್ರೆಗೆ ಹೋಗುತ್ತೇನೆ, ಗೇಟು ತೆಗೆಸಿಕೊಡಿ ಎಂದು ಕೇಳಲು ಹೋಗಿದ್ದೆ. ಮೀನಿನ ಸುಗ್ಗಿ ಬಂದರೆ ಲಾರಿಗಳೆಲ್ಲ ತುಂಬಿ ಹೊರಡುವ ತನಕ ಆಳುಗಳಿಗೆ ಗೇಟು ತೆಗೆಯುವುದಿಲ್ಲ. ಹೋದವರು ತಿರುಗಿ ಬರುವುದಿಲ್ಲ ಎಂದು ಧಣಿಗೆ ಭಯ. ಅದಕ್ಕೆ ಸಿಕ್ಕ ಉತ್ತರವೇ ಮೊದಲು ಹೇಳಿದ್ದು.

ಊಟದ ಸೀಟಿ ಊದಿದ್ದೇ ತಡ, ಓಡಿದೆ. ಅತ್ತೆ ರಟ್ಟಿನ ತುಂಡಿನಲ್ಲಿ ಗಾಳಿ ಹಾಕುತ್ತ ಕೂತಿದ್ದರು.

"ಆಗ್ಲಿಂದ ಏನೇನೋ ಬಡಬಡಿಸ್ತಾ ಇದೆ ಕಣೆ," ಎಂದರು. "ನನ್ನೇ ಯಾರೋ ಅಂತ ನೋಡ್ತು."

ಮಗುವನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಪಕ್ಕದ ಮದ್ದಿನ ಕೋಣೆಗೆ ಓಡಿದೆ. ಅಲ್ಲಿ ಒಬ್ಬ ಕಾಂಪೌಂಡರ್ ಇರುತ್ತಾನೆ. ಬೆರಳು ಕತ್ತರಿಸಿಕೊಂಡವರಿಗೆ ಪಟ್ಟಿ ಕಟ್ಟುವುದಕ್ಕೆಂದು ಅವನನ್ನು ಇಟ್ಟಿದ್ದಾರೆ. ಫೋನಿನಿಂದ ಕಣ್ಣು ಎತ್ತದೆ ಒಂದು ಬಾಟಲಿ ತಳ್ಳಿದ. ಯಾರೋ ಅರ್ಧ ಕುಡಿಸಿ ಬಿಟ್ಟ ಔಷಧಿ.

"ಮುಚ್ಚಳದಲ್ಲಿ ಅರ್ಧ ಕುಡ್ಸು. ಮೈ ತಂಪು ಮಾಡು."

"ತಂಪು ಅಂದ್ರೆ ಹೆಂಗೆ ಸಾರ್?"

"ಐಸ್ ಫ್ಯಾಕ್ಟರಿಲಿ ಇದ್ಕೊಂಡು ತಂಪು ಹೆಂಗೆ ಅಂತ ನನ್ನ ಕೇಳ್ತೀಯಲ್ಲೇ," ಎಂದು ನಕ್ಕ. ಅವನ ತಮಾಷೆ ಅವನಿಗೇ ಬಹಳ ಹಿಡಿಸಿತು.

ನಮಗೆ ಅದು ತಮಾಷೆ ಅನ್ನಿಸಲಿಲ್ಲ. ನಾವು ದಿನ ಬೆಳಗಾದರೆ ನೋಡುವುದು ಇದನ್ನೇ. ಮೀನು ಕೆಡಬಾರದು ಎಂದರೆ ಐಸು, ಕೈ ನಜ್ಜುಗುಜ್ಜಾದರೆ ಐಸು, ಸತ್ತವರನ್ನು ಇಡುವುದಕ್ಕೂ ಜನ ಇಲ್ಲಿಂದಲೇ ಐಸು ಒಯ್ಯುತ್ತಾರೆ. ಮಗುವಿಗೆ ಮಾತ್ರ ಯಾಕಾಗಬಾರದು? ಕೊಕ್ಕೆಗೆ ಹೇಳಿದೆ. ಊಟದ ಡಬ್ಬಿಯೊಳಗೆ ಐಸಿನ ಚೂರು ತುಂಬಿಕೊಂಡು, ಎಡಕ್ಕೂ ಬಲಕ್ಕೂ ನೋಡುತ್ತ ಮನೆಗೆ ಬಂದ. ಔಷಧಿ ಕುಡಿಸಿದೆ. ಐಸನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟೆವು, ಹೊಟ್ಟೆಗೆ ಇಟ್ಟೆವು, ಅಂಗಾಲಿಗೆ ಉಜ್ಜಿದೆವು. ಹಣೆಗಿಟ್ಟ ಚೂರು ಚುರ್ ಎಂದು ಕರಗಿದ್ದು ನೋಡಿ ನನಗೆ ಧೈರ್ಯವೇ ಬಂತು. ಇಳಿಯುತ್ತದೆ, ಇಳಿಯುತ್ತದೆ ಎಂದು ನಾನೇ ಗಂಡನಿಗೆ ಹೇಳಿದೆ.

ಚೋಟಿ ನಡುಗತೊಡಗಿದಳು. ಮೊದಲು ಗದ್ದ, ಆಮೇಲೆ ಇಡೀ ಮೈ. ಹಲ್ಲು ಕಟಕಟ. ತುಟಿ ನೀಲಿ, ಬೆರಳು ಬಿಳುಚಿಕೊಂಡವು, ಕಾಲು ಕೊರಡು. ಹೊಟ್ಟೆ ಮುಟ್ಟಿದರೆ ಮೊದಲಿಗಿಂತ ಬಿಸಿ.

"ತೆಗೀರೋ ಅದನ್ನ," ಎಂದು ಅತ್ತೆ ಐಸಿನ ಗಂಟನ್ನು ಕಿತ್ತು ಬಿಸಾಡಿದರು. "ಕೊಲ್ತೀರಾ ಕೂಸನ್ನ?"

ಮಗುವನ್ನು ಅತ್ತೆಯ ತೊಡೆಗೆ ಹಾಕಿ ಮತ್ತೆ ಕಾಂಪೌಂಡರ್ ಹತ್ತಿರ ಓಡಿದೆ. ಈ ಸಲ ಅವನು ತಲೆ ಎತ್ತಿದ.

"ಐಸು ಇಟ್ರಾ? ಕತ್ತೆಗಳಾ, ಮಗೂನ ಮೀನು ಅಂದ್ಕೊಂಡ್ರಾ?"

"ನೀವೇ ಅಲ್ವಾ ಹೇಳಿದ್ದು."

"ನಾನ್ಯಾವಾಗ ಹೇಳ್ದೆ? ನನ್ನ ತಲೇಗೆ ತರ್ಬೇಡ. ಉಗುರುಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಮೈ ಒರೆಸ್ಬೇಕು. ಬಿಡದೆ ಒರೆಸ್ತಾ ಇರು. ಗುಟುಕು ಗುಟುಕಾಗಿ ನೀರು ಕುಡ್ಸು. ಕಣ್ಣು ಮೇಲೆ ಸಿಕ್ಕಿಸ್ಕೊಂಡ್ರೆ ಮಾತ್ರ ಇಲ್ಲಿಗ್ ಬರ್ಬೇಡ, ಸೀದಾ ದೊಡ್ಡಾಸ್ಪತ್ರೆಗೆ ಹೋಗು."

"ಗೇಟು ಹಾಕಿದ್ದಾರೆ ಸಾರ್."

"ಅದು ಸೂಪರ್‌ವೈಸರ್ ಹತ್ರ ಕೇಳು. ನನ್ನ ಕೆಲಸ ಅಲ್ಲ."

ಬರುವಾಗ ಲೈನಿನ ನಲ್ಲಿ ತಿರುಗಿಸಿದೆ. ಗೊರಗೊರ ಎಂದು ಗಾಳಿ ಬಂತು. ಲಾರಿಗಳು ಸಾಲು ಹಿಡಿದಾಗಲೆಲ್ಲ ನಮ್ಮ ಕಡೆಯ ವಾಲ್ವು ತಿರುಗಿಸಿ ನೀರೆಲ್ಲ ಒಳಗೆ ಎಳೆದುಕೊಳ್ಳುತ್ತಾರೆ. ಐಸಿಗೆ ನೀರು ಬೇಕು, ನಮಗೆ ಬೇಡ. ಮನೆಯಲ್ಲಿ ಕುಡಿಯುವುದಕ್ಕೆ ಹಿಡಿದಿಟ್ಟ ಒಂದು ಪಾತ್ರೆ ನೀರಿತ್ತು. ಅದನ್ನೇ ಒಲೆಗೆ ತೋರಿಸಿದೆ. ಬೆರಳು ಅದ್ದಿ ನೋಡಿ, ಹಳೆಯ ಲಂಗದ ಬಟ್ಟೆ ಹರಿದು, ಕತ್ತು, ಕಂಕುಳು, ತೊಡೆಸಂದು ಎಲ್ಲ ಒರೆಸಿದೆವು. ಬಟ್ಟೆ ಬಿಸಿಯಾಗಿ ಬರುತ್ತಿತ್ತು, ಮತ್ತೆ ಅದ್ದುತ್ತಿದ್ದೆವು. ನಡುಕ ನಿಂತಿತು. ಬೆರಳಿಗೆ ಬಣ್ಣ ಬಂತು. ಸ್ವಲ್ಪ ಹೊತ್ತಿಗೆ ಚೋಟಿ ಕಣ್ಣು ಬಿಟ್ಟು, "ಅಮ್ಮಾ, ನೀಯಿ," ಎಂದಳು. ಹಾಳಾದ್ದು ನನಗೆ ಆಗ ಅಳು ಬಂತು. ಒಂದು ಲೋಟ ಅದಕ್ಕೆಂದು ತೆಗೆದಿಟ್ಟಿದ್ದೆ, ಗುಟುಕರಿಸಿದಳು.

ಬಾಗಿಲಲ್ಲಿ ಸೀಟಿ ಊದಿದ ಶಬ್ದ. ಊಟದ ಹೊತ್ತು ಮುಗಿದಿತ್ತು.

"ಗಂಡ ಹೆಂಡ್ತಿ ಇಬ್ರೂ ಇಲ್ಲಿ ಸಂಸಾರ ಮಾಡ್ತಾ ಕೂತಿದೀರಾ? ಲಾರಿ ಏನು ನಿಮ್ಮಪ್ಪ ತುಂಬ್ತಾನಾ?" ಎನ್ನುತ್ತ ಒಳಗೆ ಬಂದ. ಚಪ್ಪಲಿ ಕಾಲಲ್ಲೇ ಬಂದ. ಅತ್ತೆ ಬಿಸಾಡಿದ ಗಂಟು ಮೂಲೆಯಲ್ಲಿ ಬಿದ್ದಿತ್ತು, ಒಳಗಿನ ಐಸು ಪೂರ್ತಿ ಕರಗಿರಲಿಲ್ಲ. ಅದು ಅವನ ಕಣ್ಣಿಗೆ ಬಿತ್ತು.

"ಓಹೋ. ಐಸು ಬೇರೆ ಕದೀತೀರಾ?"

"ಮಗೂಗೆ ಸಾರ್," ಎಂದ ಕೊಕ್ಕೆ. "ಒಂದು ಹಿಡಿ ಅಷ್ಟೇ."

"ಮಗೂಗೆ ಐಸು, ಮಗೂಗೆ ನೀರು, ಮಗೂಗೆ ಗೇಟು. ಹೆರೋವಾಗ ನನ್ನ ಕೇಳಿ ಹೆತ್ರಾ, ಸೂಳೆಮಕ್ಳಾ?"

ಹೇಳುತ್ತಲೇ ಪಾತ್ರೆಗೆ ಒದ್ದ. ಅದು ಉರುಳಿ ಗೋಡೆಗೆ ಬಡಿಯಿತು. ನೀರೆಲ್ಲ ನೆಲದ ಪಾಲು. ಅತ್ತೆ ದಡಬಡಿಸಿ ಬಗ್ಗಿ ಆ ನೀರನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ಮತ್ತೆ ಪಾತ್ರೆಗೆ ಹಿಂಡತೊಡಗಿದರು. ಮಣ್ಣು, ನೀರು ಎಲ್ಲ ಒಂದಾಗಿ ಬರುತ್ತಿತ್ತು. ಮುದುಕಿ ಹಿಂಡುವುದನ್ನು ಬಿಡಲೇ ಇಲ್ಲ.

"ತಪ್ಪಾಯ್ತು ಸಾರ್," ಎಂದ ನನ್ನ ಗಂಡ.

ಅಷ್ಟು ದಪ್ಪ ಗಡ್ಡೆಯನ್ನು ಒಂದೇ ಎಳೆತಕ್ಕೆ ಎಳೆಯುವ ಗಂಡಸು. ಆ ಹೊತ್ತಿನಲ್ಲಿ ಸೀಟಿಗಿಂತ ಅವನ ಮೇಲೆ ನನಗೆ ಹೇಸಿಗೆ ಬಂತು. ಸುಳ್ಳು ಯಾಕೆ ಹೇಳಲಿ.

ಚೋಟಿಯ ಮೈ ಮತ್ತೆ ಕಾಯತೊಡಗಿತ್ತು. ಎತ್ತಿಕೊಂಡೆ. ಹೊರಗೆ ನಡೆದೆ. ನಾನು ಕೆಲಸಕ್ಕೆ ಹೊರಟೆ ಎಂದುಕೊಂಡನೋ ಏನೋ, ಸೀಟಿ ಹಿಂದೆ ಬರುತ್ತ, "ಕೂಸನ್ನ ಇಲ್ಲೇ ಬಿಟ್ಟು ಬಾರೇ," ಎಂದ. ಕಿವಿಗೆ ಹಾಕಿಕೊಳ್ಳಲಿಲ್ಲ.

ಫ್ಯಾಕ್ಟರಿಯ ನಡುಮಧ್ಯೆ ಒಂದು ಸಿಮೆಂಟಿನ ತೊಟ್ಟಿ ಇದೆ. ಬಿಸಿಯೇರಿದ ಯಂತ್ರದ ಕೊಳವೆಗಳ ಮೇಲೆ ಸುರಿದ ನೀರು ಬೆಚ್ಚಗಾಗಿ ಬಂದು ಅದಕ್ಕೆ ಬೀಳುತ್ತದೆ. ಐಸು ಕಟ್ಟಿದ ತಗಡಿನ ಡಬ್ಬಗಳನ್ನು ಸರಪಳಿಯಲ್ಲಿ ಎತ್ತಿ ತಂದು ಆ ನೀರಿನಲ್ಲಿ ಅದ್ದಿದರೆ ಗಡ್ಡೆ ಅಂಚು ಬಿಡುತ್ತದೆ, ಆಮೇಲೆ ಸಲೀಸಾಗಿ ಜಾರುತ್ತದೆ. ಅದ್ದದೆ ಒಂದು ಗಡ್ಡೆಯೂ ಡಬ್ಬ ಬಿಟ್ಟು ಬರುವುದಿಲ್ಲ. ಕೈ ಹಾಕಿ ನೋಡಿದೆ. ಉಗುರುಬೆಚ್ಚಗೆ. ದಿನವೂ ಅದರ ಪಕ್ಕದಲ್ಲೇ ಓಡಾಡುವ ನನಗೆ ಇಷ್ಟು ಹೊತ್ತು ಇದು ಹೊಳೆದಿರಲಿಲ್ಲ.

ತೊಟ್ಟಿಯೊಳಗೆ ಇಳಿದೆ. ನೀರು ಸೊಂಟದ ತನಕ ಬಂತು. ಚೋಟಿಯನ್ನು ತೋಳಿನ ಮೇಲೆ ಮಲಗಿಸಿಕೊಂಡು ಎದೆಯವರೆಗೆ ಮುಳುಗಿಸಿದೆ. ಮೊದಲು ಬೆಚ್ಚಿ ನನ್ನ ಕೂದಲು ಹಿಡಿದಳು, ಆಮೇಲೆ ಕೈ ಸಡಿಲ ಬಿಟ್ಟಳು.

ತಲೆಯ ಮೇಲೆ ಐಸು ತುಂಬಿದ ಡಬ್ಬಗಳು ನೇತಾಡುತ್ತಿದ್ದವು. ಸರಪಳಿ ಎಳೆಯುವ ಮುದುಕ, ನಾವೆಲ್ಲ ಅವನನ್ನು ಸರಪಳಿ ಮಾಮ ಅನ್ನುತ್ತೇವೆ, ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದ.

"ಏಳೇ ಮೇಲೆ," ಎಂದು ಸೀಟಿ ಓಡಿಬಂದ. "ಹುಚ್ಚು ಹಿಡಿದಿದೆಯಾ? ಡಬ್ಬ ಇಳೀಬೇಕು."

"ಇಳೀಲಿ."

"ಏಯ್ ಮುದುಕಾ, ಬಿಡೋ ಸರಪಳಿ. ತಲೆ ಮೇಲೆ ಬರ್ತಿದ್ದ ಹಾಗೆ ತಾನೇ ಎದ್ದು ಓಡ್ತಾಳೆ."

ಮಾಮ ಸರಪಳಿಯನ್ನು ಕಂಬಕ್ಕೆ ಸುತ್ತಿದ. ಇನ್ನೊಂದು ಸುತ್ತು ಸುತ್ತಿ ಕೀಲು ಹಾಕಿದ. "ಕೆಳಗೆ ಕೂಸಿದೆ. ಬೇಕಿದ್ರೆ ನೀವೇ ಬಂದು ಬಿಡಿ ಸಾರ್," ಎಂದು ಕೈ ಒರೆಸಿಕೊಂಡು ಪಕ್ಕಕ್ಕೆ ಸರಿದ.

ಸೀಟಿ ಸರಪಳಿ ಮುಟ್ಟಲಿಲ್ಲ. ಸೀಟಿ ಊದಿದ. ಚಳಿಕೋಣೆಯಿಂದ ಗಂಡಸರು ಹೊರಗೆ ಬಂದರು, ತೊಟ್ಟಿಯಲ್ಲಿ ನನ್ನನ್ನು ನೋಡಿ ಅಲ್ಲಲ್ಲೇ ನಿಂತರು. ಮತ್ತೆ ಊದಿದ. ಯಾರೂ ಹತ್ತಿರ ಬರಲಿಲ್ಲ. ಅವನು ಧಣಿಗೆ ಫೋನು ಹಚ್ಚಿ ಬಗ್ಗಿ ಬಗ್ಗಿ ಮಾತಾಡಿದ. ಫೋನು ಇಟ್ಟವನೇ ಕೊಕ್ಕೆಯ ಕಡೆ ತಿರುಗಿದ.

"ಎಳೆದು ಹಾಕು ನಿನ್ನ ಹೆಂಡ್ತೀನ. ಇಲ್ದಿದ್ರೆ ಇವತ್ತೇ ಗಂಟುಮೂಟೆ ಕಟ್ಟು. ಧಣಿ ಮಾತು ಇದು."

ನನ್ನ ಗಂಡ ತೊಟ್ಟಿಯ ಅಂಚಿಗೆ ಬಂದ. ಕೈಯಲ್ಲಿ ಕೊಕ್ಕೆ ಇತ್ತು. ಅವನ ಮುಖ ನೋಡಲು ನನಗೆ ಭಯವಾಯಿತು, ಮಗುವನ್ನು ಇನ್ನಷ್ಟು ಅವುಚಿಕೊಂಡೆ. ಅವನು ನೀರಿಗೆ ಇಳಿದ. ನನ್ನ ಪಕ್ಕಕ್ಕೆ ಬಂದು ಚೋಟಿಯ ಹಣೆ ಮುಟ್ಟಿ ನೋಡಿದ. ಆಮೇಲೆ ಸೀಟಿಯ ಕಡೆ ತಿರುಗಿ ನಿಂತ. ಕೊಕ್ಕೆ ಕೆಳಗಿಡಲಿಲ್ಲ.

"ಲೋ, ಹೊರಗೆ ಐಸು ಕರಗ್ತಾ ಇದೆ ಕಣೋ," ಎಂದ ಸೀಟಿ. ದನಿ ಎಂದೂ ಇಷ್ಟು ಸಣ್ಣದಾಗಿರಲಿಲ್ಲ.

"ಗೇಟು ತೆಗೀರಿ," ಎಂದೆ ನಾನು. "ಆಸ್ಪತ್ರೆಗೆ ಹೋಗಕ್ಕೆ ಧಣಿ ಕಾರು ಬರ್ಲಿ. ಬರೋ ತನಕ ನಾನು ಈ ನೀರಿಂದ ಏಳಲ್ಲ. ನಿಮ್ಮ ಒಂದು ಗಡ್ಡೇನೂ ಹೊರಗೆ ಬರಲ್ಲ."

ಅಂಗಳದಲ್ಲಿ ಹೊಟ್ಟು ಹೊದಿಸದೆ ಬಿಟ್ಟ ಗಡ್ಡೆಗಳು ಬಿಸಿಲಿಗೆ ಕರಗಿ, ನೀರು ಲಾರಿಗಳ ಚಕ್ರದ ಕೆಳಗೆ ಹರಿಯುತ್ತಿತ್ತು. ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು. ಸೀಟಿ ಫೋನು ಕೈಯಲ್ಲಿ ಹಿಡಿದು ಒಮ್ಮೆ ಲಾರಿಗಳ ಕಡೆ, ಒಮ್ಮೆ ತೊಟ್ಟಿಯ ಕಡೆ ನೋಡುತ್ತಿದ್ದ. ನಾನು ಮತ್ತೊಂದು ಬೊಗಸೆ ನೀರು ತೆಗೆದು ಮಗುವಿನ ನೆತ್ತಿಯ ಮೇಲೆ ಹಾಕಿದೆ. ಅವಳ ಮೈ ಇನ್ನೂ ಸುಡುತ್ತಲೇ ಇತ್ತು.