ನಿಲ್ಲದೆ ಓಡಿಸಿದ ಎರಡು ವಾರ

ಲಾರಿಗಳಿಗೆ ದಾರಿ ಗೊತ್ತುಮಾಡಲು ಯಜಮಾನರು ಎರಡು ತಂತ್ರಾಂಶಗಳನ್ನು ತರಿಸಿ, ಆಯ್ಕೆಯನ್ನು ಅವಳಿಗೆ ಬಿಟ್ಟಿದ್ದರು. ಸಾಗಣೆ ಕಚೇರಿಯಲ್ಲಿ ದಾರಿಯ ಉಸ್ತುವಾರಿ ಅವಳದೇ. ಮೊದಲನೆಯದು ಚಾಲಕರಿಗೆ ರೂಢಿಯಾದ ದಾರಿಯನ್ನೂ ನಿಲ್ಲುವ ಜಾಗವನ್ನೂ ಉಳಿಸಿಕೊಂಡು ಮಿಕ್ಕಿದ್ದನ್ನು ಹೊಂದಿಸುತ್ತಿತ್ತು. ಎರಡನೆಯದಕ್ಕೆ ಯಾರ ಮುಲಾಜೂ ಇರಲಿಲ್ಲ. ಎಲ್ಲ ಲಾರಿಗಳನ್ನೂ ಊರುಗಳ ಹೊರಗಿನ ಹೆದ್ದಾರಿಗೆ ಹತ್ತಿಸುತ್ತಿತ್ತು.

ಅವಳ ಕಣ್ಣು ಮಾತ್ರ ಒಂದೇ ಲಾರಿಯ ಮೇಲಿತ್ತು. ಅದನ್ನು ಓಡಿಸುತ್ತಿದ್ದವರು ಅವಳ ಗಂಡನ ಅಣ್ಣ. ಅಪ್ಪಿತಪ್ಪಿಯೂ ಹಾರನ್ ಒತ್ತದ ಅವರಿಗೆ ಗ್ಯಾರೇಜಿನವರು ‘ಹಾರನ್’ ಎಂದೇ ಹೆಸರಿಟ್ಟಿದ್ದರು. ಅವರ ಹೆಂಡತಿ ಬೇರೆಯಾಗಿ, ಮಗಳೊಂದಿಗೆ ದಾರಿ ನಡುವಿನ ಒಂದು ಊರಿನಲ್ಲಿ ನೆಲೆಸಿದ್ದಳು. ಭಾವ ಆ ಊರೊಳಗೆ ಹಾದುಹೋಗುವಾಗೆಲ್ಲ ಶಾಲೆಯ ಹಿಂಗೋಡೆಯ ಪಕ್ಕ ಲಾರಿ ನಿಲ್ಲಿಸುತ್ತಿದ್ದರು. ಶಾಲೆ ಬಿಟ್ಟ ಮಗಳು ಕ್ಯಾಬಿನ್ ಹತ್ತಿ ಕೂರುತ್ತಿದ್ದಳು. ಅರ್ಧ ಗಂಟೆ, ಅಷ್ಟೇ. ಗಂಡ ಒಮ್ಮೆ ದನಿ ತಗ್ಗಿಸಿ ಹೇಳಿದ್ದು ಬಿಟ್ಟರೆ ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ.

ಆ ಅರ್ಧ ಗಂಟೆ ಉಳಿಯಲೆಂದೇ ಅವಳ ಮನಸ್ಸು ಮೊದಲನೆಯದರ ಕಡೆ ವಾಲಿತ್ತು. ಆದರೆ ನೆಂಟಸ್ತನ ನೋಡಿ ಆರಿಸಿದಳು ಅನ್ನಿಸಿಕೊಳ್ಳುವುದು ಬೇಡವಾಗಿತ್ತು. ಎರಡು ವಾರ ಅಳೆದು ನೋಡೋಣ ಎಂದು ಚಾಲಕರನ್ನು ಅಂಗಳದಲ್ಲಿ ಸೇರಿಸಿದಳು.

“ಅರ್ಧ ಲಾರಿಗಳು ಹೆದ್ದಾರೀಲಿ ಹೋಗ್ಲಿ, ಭಾವಂದೂ ಸೇರಿ ಮಿಕ್ಕವು ಹಳೇ ದಾರೀಲೇ. ಯಾವ ದಾರಿಗೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡ್ತೀವಿ. ನೀವು ದಿನಾ ಓಡಿಸೋ ಹಾಗೇ ಓಡಿಸಿ.”

“ಅಳತೆ ಚೆನ್ನಾಗಿ ಬಂದ್ರೆ ಹಳೇ ದಾರಿ ಉಳಿಯುತ್ತೇನಮ್ಮ?” ಭಾವ ಕೇಳಿದರು.

“ಉಳಿಯುತ್ತೆ ಭಾವ.”

“ಅಬ್ಬಾ, ಹಾರನ್ ಅಣ್ಣನಿಂದ ಇವತ್ತು ಸದ್ದು ಬಂತಪ್ಪಾ!” ಎಂದು ಮೆಕ್ಯಾನಿಕ್ ಛೇಡಿಸಿದ. ಎಲ್ಲರೂ ನಕ್ಕರು.

ಆ ಎರಡು ವಾರವೂ ಭಾವನ ಲಾರಿಯ ಚುಕ್ಕೆ ಪರದೆಯ ಮೇಲೆ ಆ ಊರನ್ನು ಹಾದುಹೋಯಿತೇ ಹೊರತು ಒಮ್ಮೆಯೂ ನಿಲ್ಲಲಿಲ್ಲ. ಅಪ್ಪ ಮಗಳಿಗೆ ಏನಾದರೂ ಮುನಿಸೋ, ತಾಯಿಯೇ ಬೇಡವೆಂದಳೋ. ಗಂಡನನ್ನು ಕೇಳಿದರೆ, “ಅವನನ್ನ ಕೆದಕಬೇಡ ಮಾರಾಯ್ತಿ” ಎಂದುಬಿಟ್ಟ. ಹೆದ್ದಾರಿ ಕೂದಲೆಳೆಯಷ್ಟು ಮುಂದಿತ್ತು. ಚುಕ್ಕೆ ಆ ಗೋಡೆಯ ಬಳಿ ನಿಂತಿದ್ದರೆ ಅಷ್ಟು ವ್ಯತ್ಯಾಸವನ್ನು ಅವಳು ನಿರಾತಂಕವಾಗಿ ಬದಿಗಿಡುತ್ತಿದ್ದಳು. ನಿಲ್ಲದ ಮೇಲೆ ಬದಿಗಿಡಲು ಕಾರಣವೇ ಉಳಿಯಲಿಲ್ಲ. ಎರಡನೆಯದನ್ನು ಆರಿಸಿದಳು. ಯಜಮಾನರು ಸಹಿ ಹಾಕಿದರು.

ಮರುದಿನ ಮಧ್ಯಾಹ್ನ ಭಾವ ಕೀಲಿಗೊಂಚಲು ಹಿಡಿದು ಕಚೇರಿ ಬಾಗಿಲಲ್ಲಿ ನಿಂತರು.

“ಎಲ್ಲೂ ನಿಲ್ಲಿಸದೇ ಓಡಿಸಿದ್ನಲ್ಲಮ್ಮ. ಆದ್ರೂ ಸೋತ್ವಾ?”

ಅವಳಿಗೆ ತಕ್ಷಣ ಹೊಳೆಯಲಿಲ್ಲ. “ಯಾಕೆ ನಿಲ್ಲಿಸ್ಲಿಲ್ಲ ಭಾವ?”

“ನಿಂತ್ರೆ ಹೊತ್ತಾಗಲ್ವಾ? ಹಳೇ ದಾರಿ ನಿಧಾನ ಅಂತ ತೆಗೆದುಹಾಕಿಬಿಟ್ರೆ? ಎರಡು ವಾರ ತಡ್ಕೋ ಪುಟ್ಟಿ, ಆಮೇಲೆ ಯಾವತ್ತೂ ತಪ್ಪಿಸಲ್ಲ ಅಂತ ಮಗಳಿಗೆ ಹೇಳಿದ್ದೆ.”

ಅವಳ ಕೈ ಕೀಲಿಮಣೆಯ ಮೇಲೆಯೇ ಉಳಿಯಿತು. “ನಿಂತ ಹೊತ್ತನ್ನ ನಾನು ಲೆಕ್ಕಕ್ಕೇ ಹಿಡಿಯಲ್ಲ ಭಾವ. ಓಡಿದ ಹೊತ್ತು ಮಾತ್ರ. ನೀವು ನಿಲ್ಲೋದನ್ನೇ ನಾನು ಕಾಯ್ತಾ ಇದ್ದೆ.”

ಅವತ್ತು ಅಂಗಳದಲ್ಲಿ ಅವಳು ಇನ್ನೊಂದು ಮಾತು ಸೇರಿಸಿದ್ದರೆ ಸಾಕಿತ್ತು. ಅಳತೆ ಹೇಗೆ ಎಂಬುದು ತನಗೆ ಎಷ್ಟು ಸಹಜವಾಗಿತ್ತೆಂದರೆ, ಬಾಯಿಬಿಟ್ಟು ಹೇಳಬೇಕೆಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

“ಯಜಮಾನರ ಹತ್ರ ಈಗಲೇ ಮಾತಾಡ್ತೀನಿ. ನಿಮ್ಮ ಒಂದು ಲಾರಿನಾದ್ರೂ...”

“ಬೇಡ ಬಿಡಮ್ಮ. ನಾನು ನಿಲ್ಲಿಸಲ್ಲ ಅಂದಿದ್ರೂ ಪುಟ್ಟಿ ದಿನಾ ಗೋಡೆ ಹತ್ರ ಹೋಗಿ ಕೂರ್ತಿದ್ಲಂತೆ, ಲಾರಿ ಹೋಗೋದನ್ನಾದ್ರೂ ನೋಡೋಣ ಅಂತ. ಅವರಮ್ಮನಿಗೆ ನೋಡೋಕಾಗದೆ, ಅದೇ ಹೊತ್ತಿಗೆ ಈಜಿನ ಕ್ಲಾಸಿಗೆ ಸೇರಿಸಿದ್ದಾಳೆ.” ಅವರು ನಗಲು ನೋಡಿದರು. “ಚಿಕ್ಕೋಳಿದ್ದಾಗ ತಲೆಗೆ ನೀರು ಹಾಕಿದ್ರೆ ಊರು ಒಂದು ಮಾಡ್ತಿದ್ಲು. ಈಗ ನೀರಿಂದ ಎದ್ದೇ ಬರಲ್ಲವಂತೆ. ಅದನ್ನ ಬಿಡು ಅನ್ನೋಕೆ ನನಗೆ ಬಾಯಿ ಬರುತ್ತಾ?”

ಹೊರಗೆ ಯಾರೋ ಲಾರಿ ತೆಗೆಯಿರಿ ಎಂದು ಕೂಗಿದರು. ಭಾವ ತಿರುಗಿದರು.

“ಭಾವ, ಹೊಸ ದಾರಿಯಲ್ಲಿ ಊಟಕ್ಕೆ ಒಂದು ನಿಲುಗಡೆ ಹಾಕಬೇಕು. ಎಲ್ಲಿ ಹಾಕ್ಲಿ?”

“ಎಲ್ಲಾದ್ರೂ ಹಾಕಮ್ಮ,” ಎಂದರು ಹೋಗುತ್ತಲೇ. “ನನಗೆ ಎಲ್ಲಾ ಒಂದೇ.”

ಅವಳು ಹೆದ್ದಾರಿಯ ಗೆರೆಯನ್ನು ಪರದೆಯ ತುಂಬ ಹಿಗ್ಗಿಸಿದಳು. ಎಲ್ಲಿ ಬೇಕಾದರೂ ನಿಲ್ಲಿಸಬಹುದಾಗಿತ್ತು. ಬಹಳ ಹೊತ್ತು ಎಲ್ಲೂ ಗುರುತು ಹಾಕಲಾಗಲಿಲ್ಲ.