ನೆಂಟರಿಗೆ ಅರ್ಧ ಬಟ್ಟಲು

ಪಕ್ಕದ ಮನೆಯ ಮಸ್ತೂರಾ ಅಪಾ, ನಮ್ಮೆಲ್ಲರ ಹಿರಿಯಕ್ಕ, ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. "ನಮ್ಮ ನೆಂಟರು ಇವತ್ತು ಮುನಿಸ್ಕೊಂಡಿದಾರೆ" ಎಂದರೆ ತಲೆ ಸುತ್ತುತ್ತಿದೆ ಎಂದರ್ಥ; "ನೆಂಟರು ಮಲಗಿದಾರೆ" ಎಂದರೆ ಅಂದು ದೇಹಸ್ಥಿತಿ ನೆಟ್ಟಗಿದೆ. ಕಸೂತಿ ಟೋಪಿಗೆ ಹೆಸರಾದ ಚುಸ್ತ್ ಪಟ್ಟಣದ ನಮ್ಮ ಓಣಿಯಲ್ಲಿ ಈ ಪರಿಭಾಷೆ ಎಲ್ಲರಿಗೂ ತಿಳಿದಿತ್ತು. ಬೇಸಿಗೆಯ ಉರಿಯಲ್ಲೂ ಮಹ್ಸಿ ಎಂಬ ಮೆತ್ತನೆಯ ಚರ್ಮದ ಕಾಲುಚೀಲವನ್ನು ಮೊಣಕಾಲಿನವರೆಗೆ ತೊಟ್ಟು, ಅದರ ಮೇಲೆ ರಬ್ಬರಿನ ಮೆಟ್ಟು ಹಾಕಿ, ನೆಲಕ್ಕೆ ನೋವಾದೀತೇನೋ ಎಂಬಂತೆ ಮೆಲ್ಲಗೆ ಹೆಜ್ಜೆಯಿಡುತ್ತಾ ಬರುವ ಅವರ ಸಪ್ಪಳವನ್ನು ನಾನು ಗೋಡೆಯಾಚೆಯಿಂದಲೇ ಗುರುತಿಸುತ್ತಿದ್ದೆ.

ಕಪ್ಪು ರೇಷ್ಮೆಯ ಟೋಪಿಗಳ ಮೇಲೆ ಬಿಳಿ ದಾರದಲ್ಲಿ ಮೆಣಸಿನಕಾಯಿ ಚಿತ್ತಾರದ ಕಸೂತಿ ಹಾಕುವುದು ಅವರ ಕಸುಬು. ಬದುಕಿಡೀ ಸೂಜಿ ಹಿಡಿದ ಆ ಹೆಂಗಸಿಗೆ ವೈದ್ಯರ ಸೂಜಿಯೆಂದರೆ ಮಾತ್ರ ಜೀವಭಯ. ಒಮ್ಮೆ ಇನ್ಸುಲಿನ್ ಹಿಡಿದವರು ಸಾಯುವವರೆಗೂ ಅದನ್ನು ಬಿಡಲಾರರೆಂದು ಅವರು ದೃಢವಾಗಿ ನಂಬಿದ್ದರು. ಹಾಗಾಗಿ ನೆಂಟರ ಉಪಚಾರವೆಲ್ಲ ಅಡುಗೆಮನೆಯಲ್ಲೇ ನಡೆಯುತ್ತಿತ್ತು: ಅಕ್ರೋಟಿನ ಒಳಪೊರೆ, ಒಣಗಿದ ಹುರುಳಿಕಾಯಿ ಸಿಪ್ಪೆ, ನಮ್ಮ ಹಿತ್ತಿಲ ಹಿಪ್ಪುನೇರಳೆ ಎಲೆ. "ನಿಮ್ಮ ಮರ ರೇಷ್ಮೆಹುಳಕ್ಕೂ ಆಯ್ತು, ಈ ಮುದಿಹುಳಕ್ಕೂ ಆಯ್ತು" ಎಂದು ನಗುತ್ತಾ ಕೊಂಬೆ ಬಗ್ಗಿಸುತ್ತಿದ್ದರು.

ಆ ಕಹಿ ಕಷಾಯಕ್ಕೆ ಅವರು ಹಳದಿ ಕಲ್ಲುಸಕ್ಕರೆಯ ದೊಡ್ಡ ತುಂಡೊಂದನ್ನು ಹಾಕುವುದನ್ನು ಕಂಡು ನಾನು ಬೆಚ್ಚಿದೆ.

"ಅಪಾ, ಇದು ಸಕ್ಕರೆ ಅಲ್ವಾ?"

"ಸಕ್ಕರೆ ಬಿಟ್ಟು ಎಷ್ಟು ಕಾಲ ಆಯ್ತು! ಇದು ಔಷಧಿ ಕಣೇ. ಅಲ್ದೆ, ನೆಂಟರ ಮುಂದೆ ಬರೀ ಕಹಿ ಇಟ್ರೆ ಏನಂದ್ಕೊಂಡಾರು?"

ಸತ್ಕಾರದಲ್ಲಿ ಅವರದು ಅಂಥ ನಿಷ್ಠೆ. ಬೇಕಾದವರಿಗೆ ಚಹಾವನ್ನು ಅರ್ಧ ಬಟ್ಟಲಷ್ಟೇ ಬಗ್ಗಿಸುತ್ತಿದ್ದರು, ಮತ್ತೆ ಮತ್ತೆ ಕೇಳಿ ಕುಡಿಯಲಿ, ಕೂತಿರಲಿ ಎಂದು. ಸಾಕಾದವರಿಗೆ ಅಂಚಿನವರೆಗೆ ತುಂಬುತ್ತಿದ್ದರು, ಕುಡಿದು ಏಳಲಿ ಎಂದು.

ನಮ್ಮ ಓಣಿಯಲ್ಲೇ ಬೆಳೆದು ವೈದ್ಯನಾದ ಐಬೆಕ್ ಬಂದು ಬಂದು ಹೇಳಿ ಸೋತ. "ಕಷಾಯ ಬೇಡ ಅನ್ನಲ್ಲ ಅಪಾ. ಆದ್ರೆ ಕಲ್ಲುಸಕ್ಕರೆ ಬಿಡಿ, ಸೂಜಿಮದ್ದು ತಗೊಳ್ಳಿ."

"ನೀನು ಹೊಟ್ಟೆನೋವು ಅಂತ ಹೊರಳಾಡ್ತಿದ್ದಾಗ ಕಲ್ಲುಸಕ್ಕರೆ ಚಹಾ ಕುಡ್ಸಿದ್ದು ಯಾರೋ? ಆಗ ಔಷಧಿ, ಈಗ ವಿಷಾನಾ?"

ಐಬೆಕ್ ಕೆಂಪಗಾಗಿ ಚೀಲ ಎತ್ತಿಕೊಂಡು ಹೋದ.

ಜರ್ದಾಳು ಹಣ್ಣಾಗುವ ಕಾಲದ ಒಂದು ಬೆಳಗ್ಗೆ ಅಪಾ ಅವರ ಕಸೂತಿ ಸೂಜಿ ಕಳೆದುಹೋಯಿತು. "ಕಣ್ಣು ಎಲ್ಲಿಟ್ಕೊಂಡು ಗುಡಿಸ್ತೀಯಾ?" ಎಂದು ಸೊಸೆ ನೊಜಿಮಾಳನ್ನು ಬೈದು, ಅಪಾ ಪೇಟೆಗೆ ಹೋಗಿ ಟೋಪಿ ಮಾರಿ ಬಂದರು. ಸಂಜೆ ಮಹ್ಸಿ ಕಳಚಿಸಿದ ನೊಜಿಮಾ ಚೀರಿದಳು. ನಾನು ಓಡಿಹೋಗಿ ನೋಡಿದರೆ ಒಳಗೆಲ್ಲ ರಕ್ತ, ಅಂಗಾಲಿನಲ್ಲಿ ಆ ಸೂಜಿ. ದಿನವಿಡೀ ಅದನ್ನು ತುಳಿದುಕೊಂಡೇ ನಡೆದಾಡಿದ್ದರು, ಮರಗಟ್ಟಿದ ಕಾಲಿಗೆ ನೋವೇ ತಿಳಿದಿರಲಿಲ್ಲ. ಬೇರೆ ಯಾರದೋ ಕಾಲನ್ನು ನೋಡುವಂತೆ ಅವರು ತಮ್ಮ ಕಾಲನ್ನು ನೋಡುತ್ತಾ ಕೂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಗಾಯ ಮಾಯಲಿಲ್ಲ, ಕಿರುಬೆರಳು ಕಪ್ಪಿಟ್ಟಿತು. ಇನ್ಸುಲಿನ್ ಇಲ್ಲದಿದ್ದರೆ ಕಾಲು ಉಳಿಯದೆಂದು ಐಬೆಕ್ ನೇರವಾಗಿ ಹೇಳಿದ. ಅಪಾ ಅವನು ಸಿರಿಂಜಿಗೆ ಎಳೆದ ತೊಟ್ಟು ಮದ್ದನ್ನು ದಿಟ್ಟಿಸಿದರು.

"ಇಷ್ಟೇನಾ? ಇದು ಕೂತ್ಕೊಳ್ಳಿ ಅಂತ ಉಪಚಾರ ಮಾಡ್ದಂಗಾಯ್ತು. ತುಂಬ್ಸೋ, ಎದ್ದು ಹೋಗ್ಲಿ."

"ಇವರು ಏಳೋ ಪೈಕಿ ಅಲ್ಲ ಅಪಾ. ಹದವಾಗಿ ಬಗ್ಗಿಸ್ತಾ, ಹದ್ದುಬಸ್ತಲ್ಲಿ ಇಟ್ಕೊಳ್ಳೋಣ."

ಅಪಾ ಮುಖ ತಿರುಗಿಸಿ ತೋಳು ಚಾಚಿದರು.

ಬೆರಳು ಹೋಯಿತು, ಕಾಲು ಉಳಿಯಿತು. ಹಿಪ್ಪುನೇರಳೆ ಕಷಾಯ ಈಗಲೂ ಕುದಿಯುತ್ತದೆ. ಕಲ್ಲುಸಕ್ಕರೆಯ ತಟ್ಟೆಯನ್ನು ಮಾತ್ರ ಅವರು ನಮ್ಮ ಕಡೆಗೆ ಸರಿಸುತ್ತಾರೆ. ಇಂಥವರನ್ನು ಮೊಂಡರೆಂದು ಲೋಕ ಬೈಯುತ್ತದೆ, ನನಗೆ ಹಾಗನ್ನಿಸುವುದಿಲ್ಲ. ಹೊಸ್ತಿಲಿಗೆ ಬಂದವರ ಮೇಲೆ ದನಿಯೆತ್ತಿ ಅಭ್ಯಾಸವಿಲ್ಲದ ಈ ಜನ ಕಾಯಿಲೆಗೂ ಹಾಸು ಹಾಸಿ, ಬಟ್ಟಲಿಟ್ಟು, ಸಿಹಿ ಕೊಟ್ಟು ಕೂರಿಸುತ್ತಾರೆ. ಅವರ ಮನೆಯ ಮಗುವಿನಂತಿರುವ ಯಾರಾದರೂ ಹೊತ್ತಿಗೆ ಸರಿಯಾಗಿ ಕೈ ಹಿಡಿಯದಿದ್ದರೆ, ಬಡಿಸಲು ಬೇರೇನೂ ಉಳಿಯದಾಗ ತಮ್ಮ ಪಾದವನ್ನೇ ಬಡಿಸಿಬಿಡುತ್ತಾರೆ.