ಎಣ್ಣೆ ಸವರಿದ ಗುಂಡು

ಹಂಗಾರಕಟ್ಟೆಯಲ್ಲಿ ದೋಣಿಗಳನ್ನು ಮಗುಚಿ ಹಾಕಿ ಮೀನೆಣ್ಣೆ ಬಳಿಯುವ ದಿನಗಳಲ್ಲಿ ಆ ವಾಸನೆ ಶಾಲೆಯ ಕಿಟಕಿಯವರೆಗೂ ಬರುತ್ತಿತ್ತು. ಉಳಿದ ಮಕ್ಕಳು ಮೂಗು ಮುಚ್ಚಿಕೊಂಡರೆ ಅಮ್ಮಣ್ಣಿ ಮಾತ್ರ ಉಸಿರು ತುಂಬ ಎಳೆದುಕೊಳ್ಳುತ್ತಿದ್ದಳು.

ಈಗ ಅಮ್ಮಣ್ಣಿ ಟೀಚರಿಗೆ ತಲೆ ಪೂರ್ತಿ ನೆರೆತಿದೆ. ಕುಂದಾಪುರದ ಒಂದು ಸಭಾಭವನದ ಹಿಂದಿನ ಉದ್ದ ಕೋಣೆಯಲ್ಲಿ ಮಕ್ಕಳಿಗೆ ಏರ್ ರೈಫಲ್ ಕಲಿಸುತ್ತಾರೆ. ಅಂದು ರಾಜ್ಯಮಟ್ಟದ ಸ್ಪರ್ಧೆಗೆ ಒಬ್ಬಳನ್ನು ಆರಿಸುವುದಿತ್ತು. ಉಳಿದವರು ಇಬ್ಬರೇ: ಬೈಂದೂರಿನ ನವ್ಯಾ, ಬ್ರಹ್ಮಾವರದ ತೃಷಾ. ನವ್ಯಾಳೇ ಗೆಲ್ಲುತ್ತಾಳೆಂದು ಎಲ್ಲರೂ ಎಣಿಸಿದ್ದರು. ಆದರೆ ಅವಳ ಗುಂಡುಗಳು ಒಂದು ಮೇಲೆ, ಒಂದು ಕೆಳಗೆ ಬೀಳತೊಡಗಿದ್ದವು.

"ಎಂತ ಹೆಣೆ, ಬಲೆ ಬೀಸ್ತಿದ್ಯಾ? ಗುರಿಹಾಳೆ ತುಂಬ ಹರಡಿತ್ತಲೆ," ಎಂದಳು ಪಕ್ಕದ ತೃಷಾ.

ನವ್ಯಾ ನಗಲಿಲ್ಲ. ಅವಳ ಕೈ ಕಲ್ಲಿನಂತೆ ನಿಂತಿರುವುದನ್ನು ಟೀಚರ್ ಕಂಡಿದ್ದರು. ಹತ್ತಿರ ಹೋಗಿ ಡಬ್ಬಿಯಿಂದ ಒಂದು ಗುಂಡನ್ನು ಎತ್ತಿಕೊಂಡರು. ಬೆರಳು ಜಾರಿತು. ಮೂಗಿಗೆ ಹಿಡಿದರು. ಹಂಗಾರಕಟ್ಟೆ.

"ಇದ್ಕೆ ಎಂತ ಹಚ್ಚಿದೆ ಮಗಾ?"

ನವ್ಯಾ ಮೂಸಿದಳು. ಹುಟ್ಟಿದಾಗಿನಿಂದ ಮನೆಯಲ್ಲಿರುವ ವಾಸನೆ. ಅವಳ ಮೂಗು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವಳ ಕಣ್ಣು ಬಾಗಿಲ ಬಳಿ ಕುಳಿತಿದ್ದ ತಾಯಿ ಪದ್ದುವಿನತ್ತ ಹೋಯಿತು. ಪದ್ದು ಮೀನು ಮಾರಿ ಮುಗಿಸಿ, ಮಗಳ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು.

"ಗೊತ್ತಿಲ್ಲೆ ಟೀಚರೆ," ಎಂದಳು ನವ್ಯಾ.

ಟೀಚರಿಗೆ ಎಲ್ಲ ತಿಳಿಯಿತು. ಉಪ್ಪುಗಾಳಿಗೆ ಸೀಸದ ಮೇಲೆ ಬಿಳಿ ಪುಡಿ ಹಿಡಿಯುತ್ತದೆ. ಬಲೆಯ ಅಂಚಿನ ಸೀಸದ ಗುಂಡುಗಳಿಗೆ ಹಾಗಾದರೆ ಈ ಕಡೆಯವರು ಮೀನೆಣ್ಣೆ ಸವರುತ್ತಾರೆ. ಮಗಳ ಗುಂಡಿನ ಡಬ್ಬಿಯಲ್ಲೂ ಬಿಳಿ ಕಂಡ ತಾಯಿ ಅದನ್ನೇ ಮಾಡಿದ್ದಾಳೆ. ಎಣ್ಣೆಯೇ ಕೆಟ್ಟದ್ದು ಎಂದಲ್ಲ. ಎಲ್ಲ ಗುಂಡಿಗೂ ಒಂದೇ ಸಮ, ತೆಳ್ಳಗೆ ಇದ್ದಿದ್ದರೆ ನಡೆಯುತ್ತಿತ್ತೋ ಏನೋ. ಇಲ್ಲಿ ಒಂದಕ್ಕೆ ತೊಟ್ಟಿಕ್ಕುವಷ್ಟು, ಒಂದಕ್ಕೆ ಸೋಕಿದಷ್ಟು. ನಳಿಗೆಯೊಳಗೆ ಪ್ರತಿಯೊಂದೂ ಬೇರೆ ಬೇರೆ ವೇಗದಲ್ಲಿ ಓಡಿದರೆ ಗುರಿಯಿಟ್ಟ ಕಣ್ಣು ತಾನೇ ಏನು ಮಾಡೀತು?

"ಬೇರೆ ಡಬ್ಬಿ ಇತ್ತಾ?"

ನವ್ಯಾ ತಲೆಯಾಡಿಸಿದಳು. ಇರಲಿಲ್ಲ.

ಪಕ್ಕದಿಂದ ಒಂದು ಗುಂಡಿನ ಡಬ್ಬಿ ಮೇಜಿನ ಮೇಲೆ ಸರಿದು ಬಂತು. ತೃಷಾ ತನ್ನ ಗುರಿಹಾಳೆಯನ್ನೇ ನೋಡುತ್ತ, "ಖಾಲಿ ಡಬ್ಬಿಯಾದ್ರೂ ವಾಪಸ್ ಕೊಡ್ ಮತ್ತೆ," ಎಂದಳು.

ಟೀಚರ್ ಬಟ್ಟೆಯ ತುಂಡು ತೂರಿಸಿ ನಳಿಗೆ ಒರೆಸಿದರು, ಪರೀಕ್ಷೆಗೆ ಕೆಲವು ಗುಂಡು ಹೊಡೆಯಲು ಬಿಟ್ಟರು. ಆಮೇಲೆ ನವ್ಯಾ ಹೊಡೆದದ್ದನ್ನು ನೋಡುವುದೇ ಒಂದು ಭಾಗ್ಯ. ಗುಂಡಿನ ಬೆನ್ನಿಗೇ ಗುಂಡು ಹೋಗಿ ನಡುವಿನ ಚುಕ್ಕೆ ಒಂದೇ ತೂತಾಯಿತು. ಮೊದಲು ಕಳೆದುಕೊಂಡ ಅಂಕ ಮಾತ್ರ ತುಂಬಿ ಬರಲಿಲ್ಲ. ಕೂದಲೆಳೆಯಲ್ಲಿ ತೃಷಾ ಆಯ್ಕೆಯಾದಳು.

ಪದ್ದು ಎದ್ದು ಬಂದಳು. ಮೇಜಿನ ಮೇಲೆ ಮಗಳ ಗುಂಡಿನ ಡಬ್ಬಿ ಒಂದು ಕಡೆ, ತೃಷಾಳ ಡಬ್ಬಿ ಒಂದು ಕಡೆ ಇದ್ದವು. ಎರಡನ್ನೂ ನೋಡಿದಳು.

"ಟೀಚರೆ, ಬೆಳಿ ಹಿಡ್ದಿತ್ತ್ ಅಂದೇಳಿ ನಾನೇ ಎಣ್ಣಿ ಸವರಿದ್ದ್. ಅದ್ರಿಂದ್ಲೇ ಹೀಂಗಾಯ್ತಾ?"

ಟೀಚರ್ ಬಾಯಿ ತೆರೆಯುವ ಮೊದಲೇ ನವ್ಯಾ ಹೇಳಿದಳು: "ಎಣ್ಣಿ ಅಲ್ಲಮ್ಮ. ಸುರುವಿಗೆ ನನ್ ಕೈಯೇ ನಡುಗ್ತಿತ್ತ್."

"ಹೌದ್ ಪದ್ದಕ್ಕ," ಎಂದಳು ತೃಷಾ, "ನಾನೂ ಕಂಡಿದೆ. ಒದ್ದಿ ಆದ ಕೋಳಿ ನಡುಗ್ದಾಂಗೆ."

ಆ ಕೈ ನಡುಗಿರಲಿಲ್ಲ. ಅದನ್ನು ಬಲ್ಲ ಅಮ್ಮಣ್ಣಿ ಟೀಚರ್ ಇಬ್ಬರು ಹುಡುಗಿಯರನ್ನೂ ನೋಡಿದರು. ಇಷ್ಟು ವರ್ಷ ಕಲಿಸಿದ್ದರಲ್ಲಿ ಇದಕ್ಕಿಂತ ನೇರವಾಗಿ ಗುರಿ ಮುಟ್ಟಿದ ಸುಳ್ಳನ್ನು ಅವರು ಕೇಳಿರಲಿಲ್ಲ. ರೈಫಲ್ ಒರೆಸುವ ನೆವದಲ್ಲಿ ಆಚೆ ತಿರುಗಿದರು.

ಪದ್ದು ಮಗಳ ಮುಖ ನೋಡಿದಳು, ಮೇಜಿನ ಮೇಲಿದ್ದ ತೃಷಾಳ ಡಬ್ಬಿಯನ್ನು ಇನ್ನೊಮ್ಮೆ ನೋಡಿದಳು. ನಂತರ ಮಗಳಿಗೆಂದು ತಂದಿದ್ದ ಊಟದ ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸಿ, ಅದನ್ನು ತೃಷಾಳ ಕೈಗೆ ಕೊಟ್ಟಳು.